ಕ್ರೈಸ್ತ ನಂಬಿಕೆಯಲ್ಲಿ ಸಂಗೀತವನ್ನೇ ವೃತ್ತಿಯಾಗಿಸಿಕೊಳ್ಳುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಗೀತದಲ್ಲೇ ಬದುಕು ಕಟ್ಟಿಕೊಳ್ಳಬೇಕೆಂದಿರುವ ಕ್ರೈಸ್ತ ಯುವಜನರು, ಅವರ ಹೆತ್ತವರು, ಕೆಲವೊಮ್ಮೆ ಪಾಸ್ಟರುಗಳೂ ಕೇಳುವ ಪ್ರಶ್ನೆಗಳಿವು. ಉತ್ತರಗಳಲ್ಲಿ ಸತ್ಯವೇದದ ಮಾತಿದೆ, ಸಂಗೀತ ಚರಿತ್ರೆಯಿದೆ, ಕಸುಬಿನ ಲೆಕ್ಕಾಚಾರವೂ ಇದೆ. ಮೂರನ್ನೂ ಬೇರೆ ಬೇರೆ ಡಬ್ಬಿಯಲ್ಲಿಡಲು ನನಗೆ ಮನಸ್ಸಿಲ್ಲ. ಸಭೆಯಿಂದ ಸಭೆಗೆ ನಿಲುವು ಬೇರೆಯಾಗುವ ಕಡೆ ನನ್ನ ಅಭಿಪ್ರಾಯವನ್ನು ನನ್ನದೆಂದೇ ಹೇಳಿದ್ದೇನೆ.

ಇದು ದೇವರ ಕರೆಯೋ, ಬರೀ ನನ್ನ ಆಸೆಯೋ? ತಿಳಿಯುವುದು ಹೇಗೆ?

ಆಸೆ ಇದೆ ಎಂಬ ಒಂದೇ ಕಾರಣಕ್ಕೆ ಅದು ಕರೆಯಲ್ಲ ಎಂದು ಅನುಮಾನಪಡಬೇಡಿ. ವಿಮೋಚನಕಾಂಡ 31ರಲ್ಲಿ ದೇವರು ಬೆಚಲೇಲನನ್ನು ಹೆಸರು ಹಿಡಿದು ಕರೆದು, ತನ್ನ ಆತ್ಮದಿಂದ ತುಂಬಿಸಿ ಕೊಟ್ಟದ್ದು ಪ್ರಸಂಗ ಮಾಡುವ ವರವನ್ನಲ್ಲ. ಚಿನ್ನ, ಬೆಳ್ಳಿ, ಮರಗಳಲ್ಲಿ ಕೆಲಸ ಮಾಡುವ ಜಾಣ್ಮೆಯನ್ನು. ಕೈಕೆಲಸಕ್ಕೂ ಕರೆಯಿದೆ ಎಂದಾಯಿತು.

ಆದರೆ ಆಸೆಯೊಂದೇ ಸಾಲದು. ಯಾರೂ ಕೇಳಿಸಿಕೊಳ್ಳದ ದಿನವೂ ವಾದ್ಯ ಹಿಡಿದು ಕೂರುತ್ತೀರಾ ಎಂಬುದನ್ನು ನಿಮ್ಮನ್ನೇ ಕೇಳಿಕೊಳ್ಳಿ. ನಿಮ್ಮ ಮೇಲೆ ಪ್ರೀತಿಯೂ ಸಂಗೀತದ ತಿಳಿವಳಿಕೆಯೂ ಇರುವ ಇಬ್ಬರು ಮೂವರು ಹಿರಿಯರನ್ನು ಕೇಳಿ. ಬರೀ ಪ್ರೀತಿ ಇರುವವರು ಹೊಗಳಿ ಸುಮ್ಮನಾಗುತ್ತಾರೆ, ಬರೀ ತಿಳಿವಳಿಕೆ ಇರುವವರಿಗೆ ನಿಮ್ಮ ಬದುಕಿನ ಚಿಂತೆ ಇರುವುದಿಲ್ಲ. 1 ಸಮುವೇಲ 16ನ್ನು ಗಮನಿಸಿ ಓದಿ. ದಾವೀದ ತಾನಾಗಿ ಹೋಗಿ ಅರಮನೆಯ ಬಾಗಿಲು ತಟ್ಟಲಿಲ್ಲ. ಕಿನ್ನರಿ ಚೆನ್ನಾಗಿ ಬಾರಿಸುವವನೊಬ್ಬ ಇದ್ದಾನೆ ಎಂದು ಸೌಲನಿಗೆ ಹೇಳಿದ್ದು ಅವನ ಸೇವಕರಲ್ಲಿ ಒಬ್ಬ. ಕುರಿ ಕಾಯುವ ಹುಡುಗನ ಕೈಗುಣ ಅಷ್ಟು ಹೊತ್ತಿಗಾಗಲೇ ನಾಲ್ಕು ಜನರ ಕಿವಿಗೆ ಬಿದ್ದಿತ್ತು.

ಕನಸು ಬಿತ್ತು, ಯಾರೋ ಪ್ರವಾದನೆ ಹೇಳಿದರು ಎಂದು ಮರುದಿನವೇ ಕೆಲಸಕ್ಕೆ ರಾಜೀನಾಮೆ ಕೊಡುವುದನ್ನು ನಾನು ಬೆಂಬಲಿಸುವುದಿಲ್ಲ. ದೇವರು ಹೇಳಿದ್ದೇ ಆದರೆ ಆರು ತಿಂಗಳು ಪರೀಕ್ಷಿಸಿ ನೋಡಿದರೂ ಅದು ಉಳಿಯುತ್ತದೆ.

ಕ್ರೈಸ್ತ ಗೀತೆಗಳನ್ನು ಮಾತ್ರ ಹಾಡಬೇಕೆ? ಲೌಕಿಕ ಸಂಗೀತ ಮಾಡಿದರೆ ಪಾಪವೆ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ಎಲ್ಲಕ್ಕಿಂತ ಹೆಚ್ಚು ಜನರನ್ನು ನೋಯಿಸಿರುವುದೂ ಇದೇ. ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಜರ್ಮನಿಯ ಸಂಗೀತ ಸಂಯೋಜಕ ಯೊಹಾನ್ ಸೆಬಾಸ್ಟಿಯನ್ ಬಾಖ್ 1723ರಿಂದ 1750ರಲ್ಲಿ ತೀರಿಕೊಳ್ಳುವವರೆಗೆ ಲೈಪ್‌ಜಿಗ್‌ನ ಸಭೆಗಳ ಸಂಗೀತದ ಹೊಣೆ ಹೊತ್ತಿದ್ದವರು. ಮೊದಲ ಕೆಲವು ವರ್ಷ ಹೆಚ್ಚುಕಡಿಮೆ ವಾರಕ್ಕೊಂದು ಹೊಸ ಆರಾಧನಾ ಕೃತಿ ಬರೆದರು. ಅದೇ ಬಾಖ್ 1729ರಿಂದ ವಿದ್ಯಾರ್ಥಿಗಳ ಸಂಗೀತ ಮೇಳವೊಂದರ ಹೊಣೆ ವಹಿಸಿಕೊಂಡು ಊರಿನ ಕಾಫಿ ಮನೆಯಲ್ಲಿ ಕಛೇರಿ ನಡೆಸಿದರು. ಕಾಫಿ ಹುಚ್ಚಿನ ಹುಡುಗಿಯೊಬ್ಬಳ ಬಗ್ಗೆ ಹಾಸ್ಯದ ಹಾಡುಕೃತಿಯನ್ನೂ ಬರೆದರು. ಆರಾಧನಾ ಕೃತಿಗಳ ಕೊನೆಯಲ್ಲಿ ‘ದೇವರಿಗೆ ಮಾತ್ರ ಮಹಿಮೆ’ ಎಂಬರ್ಥದ ಲ್ಯಾಟಿನ್ ಮಾತಿನ ಮೂರು ಅಕ್ಷರ, ಎಸ್.ಡಿ.ಜಿ., ಬರೆಯುವುದು ಅವರ ರೂಢಿ. ಸಭೆಯ ಹೊರಗಿನ ಕೆಲವು ಕೃತಿಗಳಲ್ಲೂ ಅದೇ ಅಕ್ಷರಗಳಿವೆ. ಆ ಕೈಗೆ ಪವಿತ್ರ ಸಂಗೀತ ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ ಎಂಬ ಗೋಡೆ ಇರಲಿಲ್ಲ.

ಇನ್ನೊಂದು ತುದಿಯಲ್ಲಿ ಅಮೆರಿಕದ ಸುವಾರ್ತಾ ಗಾಯಕಿ ಮಹಾಲಿಯಾ ಜಾಕ್ಸನ್ ಇದ್ದಾರೆ. ಬ್ಲೂಸ್ ಎಂಬ ಲೌಕಿಕ ಹಾಡುಗಳನ್ನು ಹಾಡಿದರೆ ಕೈತುಂಬಾ ಹಣ ಕೊಡುತ್ತೇವೆಂದು ಎಷ್ಟೇ ಒತ್ತಾಯ ಬಂದರೂ ಅವರು ಜಗ್ಗಲಿಲ್ಲ. ಆದರೆ ಸುವಾರ್ತೆಯ ಹಾಡನ್ನು ಸಭೆಯ ನಾಲ್ಕು ಗೋಡೆಯೊಳಗೆ ಕಟ್ಟಿಹಾಕಲೂ ಇಲ್ಲ. 1950ರಲ್ಲಿ ಕಾರ್ನೆಗಿ ಹಾಲ್, 1958ರಲ್ಲಿ ನ್ಯೂಪೋರ್ಟ್ ಜಾಝ್ ಉತ್ಸವ, ಎರಡೂ ಕಡೆ ಅವರು ಹಾಡಿದ್ದು ದೇವರ ಹಾಡನ್ನೇ. ಅದೇ ಪೀಳಿಗೆಯ ಸಿಸ್ಟರ್ ರೊಸೆಟ್ಟಾ ಥಾರ್ಪ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ನೈಟ್‌ಕ್ಲಬ್‌ಗಳಲ್ಲೂ ಸುವಾರ್ತೆ ಹಾಡಿದರು, ಸಭೆಯವರಿಂದ ಬೈಸಿಕೊಂಡರು. ರಾಕ್ ಸಂಗೀತದ ಬೇರುಗಳಲ್ಲಿ ಅವರ ಗಿಟಾರ್ ಇದೆಯೆಂದು ಲೋಕ ಒಪ್ಪಿ 2018ರಲ್ಲಿ ಗೌರವ ಕೊಡುವ ಹೊತ್ತಿಗೆ ಅವರು ತೀರಿಕೊಂಡು ಸುಮಾರು 45 ವರ್ಷವಾಗಿತ್ತು. ಸ್ಯಾಮ್ ಕುಕ್ ಮಾತ್ರ ಇನ್ನೊಂದು ಬಗೆಯ ಇಕ್ಕಟ್ಟಿಗೆ ಸಿಕ್ಕಿದರು. ಪ್ರಸಿದ್ಧ ಸುವಾರ್ತಾ ಗಾಯಕರಾಗಿದ್ದ ಅವರು ಮೊದಲ ಪ್ರೇಮಗೀತೆಯನ್ನು ಹೊರತಂದದ್ದು ಬೇರೆ ಹೆಸರಿನಲ್ಲಿ. ಧ್ವನಿ ಅಡಗುವುದೆ? ಜನ ಗುರುತಿಸಿಬಿಟ್ಟರು.

ನನ್ನ ನಿಲುವು ಇದು: ಜಾಕ್ಸನ್ ಹಿಡಿದ ದಾರಿಯೂ ನಂಬಿಗಸ್ತಿಕೆಯೇ, ಥಾರ್ಪ್ ಹಿಡಿದ ದಾರಿಯೂ ನಂಬಿಗಸ್ತಿಕೆಯೇ. ರೋಮಾಪುರ 14ರಲ್ಲಿ ಪೌಲನು ಆಹಾರದ ವಿಷಯಕ್ಕೆ ಹೇಳಿದ್ದು ಇಲ್ಲಿಗೂ ಸಲ್ಲುತ್ತದೆ. ನಿಮ್ಮ ಮನಸ್ಸಾಕ್ಷಿಗೆ ನಿಶ್ಚಯವಿರಲಿ, ಬೇರೆಯವರ ಮನಸ್ಸಾಕ್ಷಿಯನ್ನು ತೀರ್ಪು ಮಾಡಬೇಡಿ. ಸಭೆಗೆ ಒಂದು ಮುಖ, ಊರಿಗೆ ಒಂದು ಮುಖ ಮಾಡಿಕೊಂಡು ಬಚ್ಚಿಟ್ಟು ಹಾಡುವ ಸ್ಥಿತಿಯನ್ನು ಮಾತ್ರ ತಂದುಕೊಳ್ಳಬೇಡಿ. ಅದು ಹಾಡುಗಾರನನ್ನು ಒಳಗಿನಿಂದ ತಿನ್ನುತ್ತದೆ. ಸಭೆಯ ಹಿರಿಯರಿಗೂ ಒಂದು ಮಾತು: ಮಕ್ಕಳು ಹೆಸರು ಬದಲಿಸಿಕೊಂಡು ಹಾಡುವಷ್ಟು ಹೆದರಿಸಬೇಡಿ.

ಹಾಗಾದರೆ ಯಾವ ಹಾಡಿಗೂ ‘ಬೇಡ’ ಅನ್ನುವಂತಿಲ್ಲವೆ?

ಅನ್ನಲೇಬೇಕು. ನಾನು ನೋಡುವುದು ಹಾಡಿನಲ್ಲಿ ದೇವರ ಹೆಸರಿದೆಯೇ ಎಂಬುದನ್ನಲ್ಲ, ಹಾಡು ಮನುಷ್ಯರನ್ನು ಹೇಗೆ ಕಾಣುತ್ತದೆ ಎಂಬುದನ್ನು. ಪ್ರೀತಿಯ ಹಾಡು ತಪ್ಪಲ್ಲ. ಪರಮ ಗೀತೆ ಸತ್ಯವೇದದ ನಡುವೆಯೇ ಇದೆ. ದುಃಖದ, ಸಿಟ್ಟಿನ, ಸೋಲಿನ ಹಾಡೂ ತಪ್ಪಲ್ಲ. ಆದರೆ ಹೆಣ್ಣನ್ನೋ ಬಡವನನ್ನೋ ಇನ್ನೊಂದು ಸಮುದಾಯವನ್ನೋ ಬಳಸಿ ಎಸೆಯುವ ವಸ್ತುವಿನಂತೆ ಹಾಡುವ ಸಾಲು ಎಷ್ಟೇ ಇಂಪಾಗಿದ್ದರೂ ನಿಮ್ಮ ಬಾಯಿಂದ ಬರಬಾರದು.

ಇದೇ ಅಳತೆಗೋಲನ್ನು ‘ಕ್ರೈಸ್ತ’ ಎಂಬ ಚೀಟಿ ಅಂಟಿಸಿಕೊಂಡ ಹಾಡುಗಳಿಗೂ ಹಿಡಿಯಿರಿ. ಕಾಣಿಕೆ ಹಾಕಿದರೆ ಐಶ್ವರ್ಯ ಗ್ಯಾರಂಟಿ ಎಂದು ಬಡವರ ಜೇಬಿಗೆ ಕೈಹಾಕುವ ಹಾಡು, ನಂಬಿಕೆ ಇದ್ದಿದ್ದರೆ ರೋಗ ವಾಸಿಯಾಗುತ್ತಿತ್ತು ಎಂದು ರೋಗಿಯ ಮೇಲೆ ತಪ್ಪು ಹೊರಿಸುವ ಹಾಡು: ಇವುಗಳಿಗೆ ಗಿಟಾರ್ ಬಾರಿಸುವುದಕ್ಕಿಂತ ಮಳೆಯ ಬಗ್ಗೆ ಒಂದು ಪ್ರಾಮಾಣಿಕ ಜನಪ್ರಿಯ ಗೀತೆಗೆ ಬಾರಿಸುವುದು ಎಷ್ಟೋ ಮೇಲು.

ಬೇಡವೆನ್ನುವುದಿದ್ದರೆ ಒಪ್ಪಿಕೊಳ್ಳುವ ಮುಂಚೆಯೇ ಹೇಳಿ. ಕಾರ್ಯಕ್ರಮದ ಹಿಂದಿನ ದಿನ ಮನಸ್ಸಾಕ್ಷಿ ಎಚ್ಚರವಾಯಿತೆಂದು ಕೈಕೊಟ್ಟರೆ ಉಳಿದ ವಾದ್ಯಗಾರರ ಅನ್ನಕ್ಕೆ ಕಲ್ಲು ಬೀಳುತ್ತದೆ. ಹಾಡುಗಳ ಪಟ್ಟಿಯನ್ನು ಮೊದಲೇ ಕೇಳಿ ಪಡೆಯುವ ಅಭ್ಯಾಸ ಮಾಡಿಕೊಳ್ಳಿ.

ಮದ್ಯ ಮಾರುವ ಕಡೆ ಬಾರಿಸಬಹುದೆ?

ಕುಡಿತದ ಜೊತೆ ನಿಮಗೆ ಹಳೆಯ ಹೋರಾಟವಿದ್ದರೆ ಬೇಡ, ಚರ್ಚೆಯೇ ಬೇಡ. ಇಲ್ಲದಿದ್ದರೆ ಅದು ನಿಮ್ಮ ಮನಸ್ಸಾಕ್ಷಿಗೂ ನಿಮ್ಮ ಸಭೆಯ ಶಿಸ್ತಿಗೂ ಬಿಟ್ಟದ್ದು. ಹೋಗುವುದಾದರೆ ನಿಮ್ಮ ಮೇಳದಲ್ಲಿ ಇನ್ನೊಬ್ಬ ವಿಶ್ವಾಸಿಯಾದರೂ ಇರಲಿ.

ದೇವರ ಹಾಡಿಗೆ ಹಣ ತೆಗೆದುಕೊಳ್ಳುವುದು ಸರಿಯೆ? ‘ಉಚಿತವಾಗಿ ಹೊಂದಿದ್ದೀರಿ, ಉಚಿತವಾಗಿ ಕೊಡಿರಿ’ ಎಂದಿದೆಯಲ್ಲ?

ಇದೆ, ಮತ್ತಾಯ 10:8ರಲ್ಲಿ. ಎರಡೇ ವಚನ ಮುಂದೆ ಹೋಗಿ. ಅದೇ ಉಪದೇಶದಲ್ಲಿ, ಅದೇ ಉಸಿರಿನಲ್ಲಿ, ಕೆಲಸದವನು ತನ್ನ ಆಹಾರಕ್ಕೆ ಯೋಗ್ಯನು ಎಂದು ಯೇಸು ಹೇಳುತ್ತಾನೆ. ಮೊದಲನೆಯದನ್ನು ವಾದ್ಯಗಾರರಿಗೆ ಓದಿ ಹೇಳುವವರು ಎರಡನೆಯದನ್ನು ತಮಗಾಗಿ ಓದಿಕೊಳ್ಳಬೇಕು.

ಹಳೆಯ ಒಡಂಬಡಿಕೆಯಲ್ಲಿ ಹಾಡುವವರ ಸಂಬಳದ ವಿಷಯ ಅಚ್ಚರಿಯಾಗುವಷ್ಟು ವಿವರವಾಗಿದೆ. 1 ಪೂರ್ವಕಾಲವೃತ್ತಾಂತ 9:33ರ ಪ್ರಕಾರ ದೇವಾಲಯದ ಗಾಯಕರು ಹಗಲಿರುಳೂ ತಮ್ಮ ಕೆಲಸದಲ್ಲೇ ಇರಬೇಕಾದ್ದರಿಂದ ಅವರಿಗೆ ಬೇರೆ ಕೆಲಸಗಳಿಂದ ಬಿಡುಗಡೆಯಿತ್ತು. ನೆಹೆಮೀಯ 12:47ರಲ್ಲಿ ಅವರಿಗೆ ದಿನದಿನದ ಪಾಲು ಕೊಡುತ್ತಿದ್ದರೆಂದಿದೆ. ಮುಂದಿನ ಅಧ್ಯಾಯದಲ್ಲಿ ಆ ವ್ಯವಸ್ಥೆ ಮುರಿದುಬಿದ್ದಿದೆ: ಪಾಲು ಬರದೆ ಲೇವಿಯರೂ ಗಾಯಕರೂ ತಮ್ಮ ತಮ್ಮ ಹೊಲಗಳಿಗೆ ಓಡಿಹೋಗಿದ್ದಾರೆ. ನೆಹೆಮೀಯನಿಗೆ ಸಿಟ್ಟು ಬರುತ್ತದೆ, ಗಾಯಕರ ಮೇಲಲ್ಲ. ‘ದೇವಾಲಯ ಯಾಕೆ ಹಾಳುಬಿದ್ದಿದೆ’ ಎಂದು ಅವನು ತರಾಟೆಗೆ ತೆಗೆದುಕೊಳ್ಳುವುದು ಅಧಿಕಾರಿಗಳನ್ನು. ಗಾಯಕರನ್ನು ಕರೆಸಿ ಮತ್ತೆ ಅವರವರ ಜಾಗದಲ್ಲಿ ನಿಲ್ಲಿಸುತ್ತಾನೆ. ಪುಕ್ಕಟೆ ಹಾಡಲೊಪ್ಪದ ಸಂಗೀತಗಾರನನ್ನು ‘ಹಣದಾಸೆಯವನು’ ಎನ್ನುವ ಮುಂಚೆ ಪ್ರತಿ ಸಭಾ ಕಮಿಟಿಯೂ ನೆಹೆಮೀಯ 13ನ್ನು ಒಮ್ಮೆ ಗಟ್ಟಿಯಾಗಿ ಓದಲಿ ಎಂದು ನನ್ನ ಬಯಕೆ.

ನಿಮ್ಮ ಸ್ವಂತ ಸಭೆಯಲ್ಲಿ ವಾರವಾರ ಬಾರಿಸುವುದು ಬೇರೆ ಮಾತು. ಅಲ್ಲಿ ನೀವು ಮನೆಯವರು, ಕೊಡುವುದರಲ್ಲಿ ಸಂತೋಷವಿದೆ. ಆದರೆ ಹೊರಗಿನ ಸಮ್ಮೇಳನಕ್ಕೆ ಕರೆದು, ಶಾಮಿಯಾನದವನಿಗೆ ಹಣ, ಮೈಕಿನವನಿಗೆ ಹಣ, ವಾದ್ಯಗಾರನಿಗೆ ಮಾತ್ರ ‘ದೇವರು ಆಶೀರ್ವದಿಸಲಿ’ ಎಂದರೆ ಅದು ಅನ್ಯಾಯ. ಮೊತ್ತ, ಪ್ರಯಾಣ, ಊಟ, ವಸತಿ, ಎಷ್ಟು ಹೊತ್ತಿನ ಕಾರ್ಯಕ್ರಮ, ರದ್ದಾದರೆ ಏನು ಎಂಬುದನ್ನು ಮೊದಲೇ ಮೆಸೇಜಿನಲ್ಲಾದರೂ ಬರೆದಿಟ್ಟುಕೊಳ್ಳಿ. ವರ್ಷಕ್ಕೆ ಇಷ್ಟು ಕಾರ್ಯಕ್ರಮ ಉಚಿತ ಎಂದು ನೀವೇ ಮುಂಚಿತವಾಗಿ ತೀರ್ಮಾನಿಸಿಕೊಂಡರೆ ಆಸ್ಪತ್ರೆ, ಸೆರೆಮನೆ, ಬಡ ಸಭೆಗಳಿಗೆ ಧಾರಾಳವಾಗಿ ಕೊಡಬಹುದು. ಮುಲಾಜಿಗೆ ಬಿದ್ದು ಕೊಟ್ಟು ಆಮೇಲೆ ಗೊಣಗುವುದು ತಪ್ಪುತ್ತದೆ. ಹ್ಯಾಂಡೆಲ್‌ರ ಹೆಸರಾಂತ ಗಾಯನಕೃತಿ ‘ಮೆಸ್ಸಾಯ’ ಮೊದಲು ಕೇಳಿಬಂದದ್ದು 1742ರ ಏಪ್ರಿಲ್ 13ರಂದು ಡಬ್ಲಿನ್‌ನಲ್ಲಿ, ಸಾಲಕ್ಕಾಗಿ ಸೆರೆಯಾದವರ ಬಿಡುಗಡೆಗೂ ಎರಡು ಆಸ್ಪತ್ರೆಗಳಿಗೂ ಹಣ ಕೂಡಿಸಲು. ಹಾಗೆಂದು ಹ್ಯಾಂಡೆಲ್ ಬದುಕಿಡೀ ಪುಕ್ಕಟೆ ದುಡಿದವರಲ್ಲ. ಟಿಕೆಟ್ ಮಾರಿ ಒಪೆರಾ ನಡೆಸಿದ ವ್ಯವಹಾರಸ್ಥರು.

ಬಂದ ಹಣಕ್ಕೆ ರಸೀತಿ ಕೊಡಿ, ತೆರಿಗೆ ಕಟ್ಟಿ. ಇದರಲ್ಲಿ ಆತ್ಮಿಕವಾದ ವಿನಾಯಿತಿ ಯಾವುದೂ ಇಲ್ಲ.

ಬೇರೆ ಉದ್ಯೋಗ ಇಟ್ಟುಕೊಂಡರೆ ನಂಬಿಕೆ ಕಡಿಮೆ ಎಂದರ್ಥವೆ?

ಅಲ್ಲ. ಪೌಲನು ಕೊರಿಂಥದಲ್ಲಿ ಗುಡಾರ ಹೊಲಿಯುತ್ತಿದ್ದನು. ಸಂಗೀತಗಾರರಲ್ಲಿ ಬಹುಮಂದಿಯ ಆದಾಯ ಒಂದೇ ಮೂಲದ್ದಲ್ಲ: ಸ್ವಲ್ಪ ಪಾಠ, ಸ್ವಲ್ಪ ಕಛೇರಿ, ಸ್ವಲ್ಪ ರೆಕಾರ್ಡಿಂಗ್, ಸ್ವಲ್ಪ ರಾಯಲ್ಟಿ. ಕೆಲಸ ಬಿಡುವ ಯೋಚನೆಯಿದ್ದರೆ ಕನಿಷ್ಠ ಆರು ತಿಂಗಳ ಮನೆಖರ್ಚು ಕೈಯಲ್ಲಿರಲಿ, ಸಾಲ ತೀರಿರಲಿ. ಸಾಲ ಮಾಡಿ ಆಲ್ಬಂ ತರುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಕಂತು ಕಟ್ಟುವ ಭಯದಲ್ಲಿ ಬೇಡದ ಕೆಲಸಕ್ಕೆಲ್ಲ ಹೂಂಗುಟ್ಟಬೇಕಾಗುತ್ತದೆ.

ಅಭಿಷೇಕ ಇದ್ದರೆ ಸಾಲದೆ? ಅಷ್ಟು ಅಭ್ಯಾಸ, ಶಿಕ್ಷಣ ಯಾಕೆ?

1 ಪೂರ್ವಕಾಲವೃತ್ತಾಂತ 25ರಲ್ಲಿ ಆಸಾಫ, ಹೇಮಾನ, ಯೆದುತೂನರ ಕೈಕೆಳಗೆ ತರಬೇತಾದ 288 ಗಾಯಕರಿದ್ದರೆಂದು ಲೆಕ್ಕ ಕೊಟ್ಟಿದೆ. ಅದೇ ಅಧ್ಯಾಯ ಅವರ ಹಾಡುವಿಕೆಯನ್ನು ಪ್ರವಾದನೆ ಎಂದೂ ಕರೆಯುತ್ತದೆ. ತರಬೇತಿ, ಪ್ರವಾದನೆ ಎರಡೂ ಒಂದೇ ಅಧ್ಯಾಯದಲ್ಲಿ! ಗುರು ಶಿಷ್ಯರೆನ್ನದೆ ಎಲ್ಲರೂ ಸರದಿಗೆ ಚೀಟು ಹಾಕಿದರು ಎಂಬ ಮಾತಂತೂ ನನಗೆ ತುಂಬಾ ಇಷ್ಟ. ಕೆನನ್ಯನಿಗೆ ಹಾಡುವುದರ ಮೇಲ್ವಿಚಾರಣೆ ಸಿಕ್ಕಿದ್ದು ಅವನು ಅದರಲ್ಲಿ ನಿಪುಣನಾಗಿದ್ದ ಕಾರಣಕ್ಕೆ ಎಂದು 15ನೇ ಅಧ್ಯಾಯ ನೇರವಾಗಿ ಹೇಳುತ್ತದೆ. ಕೀರ್ತನೆ 33 ಹೊಸ ಹಾಡು ಹಾಡಿ ಎನ್ನುವುದರ ಜೊತೆಗೇ ಜಾಣತನದಿಂದ ಬಾರಿಸಿ ಎಂದೂ ಹೇಳುತ್ತದೆ.

ಆದ್ದರಿಂದ ಶ್ರುತಿ ತಪ್ಪಿದ್ದಕ್ಕೆ ‘ದೇವರು ಹೃದಯ ನೋಡುತ್ತಾನೆ’ ಎಂಬ ಉತ್ತರ ಬೇಡ. ಲಯ ಹಿಡಿಯಲು ಮೆಟ್ರೊನೋಮ್ ಯಂತ್ರ ಇಟ್ಟುಕೊಂಡು ನಿಧಾನಗತಿಯಲ್ಲಿ ಅಭ್ಯಾಸ ಮಾಡಿ, ನಿಮ್ಮದೇ ಧ್ವನಿಮುದ್ರಣ ಕೇಳಿ, ಸ್ವರಲಿಪಿ ಓದಲು ಕಲಿಯಿರಿ, ಕಿವಿಯಿಂದ ಸ್ವರ ಹಿಡಿಯುವುದನ್ನೂ ಕಲಿಯಿರಿ. ಪದವಿ ಕಡ್ಡಾಯವಲ್ಲ. ಶಾಲಾ ಶಿಕ್ಷಕರಾಗಬೇಕಿದ್ದರೆ, ಶಾಸ್ತ್ರೀಯ ವಾದ್ಯವೃಂದ ಸೇರಬೇಕಿದ್ದರೆ ಬೇಕಾಗುತ್ತದೆ. ಹಾಡು ಬರೆಯುವವರಿಗೆ, ಸ್ಟುಡಿಯೊ ಕೆಲಸದವರಿಗೆ ಕೈಯಲ್ಲಿರುವ ಕೆಲಸವೇ ಪ್ರಮಾಣಪತ್ರ. ಯಾವ ದಾರಿಯಾದರೂ ಒಬ್ಬ ಗುರು ಇರಲಿ. ವಿಡಿಯೊ ನೋಡಿ ಕಲಿತ ಕೈಯ ತಪ್ಪನ್ನು ವಿಡಿಯೊ ತಿದ್ದುವುದಿಲ್ಲ.

ಸಭೆಯಲ್ಲಿ ಆರಾಧನೆ ನಡೆಸುವುದಕ್ಕೂ ವೇದಿಕೆಯಲ್ಲಿ ಹಾಡುವುದಕ್ಕೂ ಏನು ವ್ಯತ್ಯಾಸ?

ವೇದಿಕೆಯಲ್ಲಿ ನಿಮ್ಮ ಹಾಡನ್ನು ಜನ ಕೇಳಬೇಕು. ಆರಾಧನೆಯಲ್ಲಿ ಜನ ತಾವೇ ಹಾಡಬೇಕು. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ತಕರಾರುಗಳು ತಾವಾಗಿ ಬಗೆಹರಿಯುತ್ತವೆ.

ಶ್ರುತಿಯ ಆಯ್ಕೆಯನ್ನೇ ನೋಡಿ. ತರಬೇತಿಯಿಲ್ಲದ ಜನ ಒಟ್ಟಾಗಿ ಆರಾಮವಾಗಿ ಹಾಡಬಲ್ಲದ್ದು ಹೆಣ್ಣುಧ್ವನಿಯ ಲೆಕ್ಕದಲ್ಲಿ ಮಿಡಲ್ ಸಿ (ಪಿಯಾನೊದ ನಡುವಿನ ಸಿ) ಸ್ವರದ ಕೆಳಗಿನ ಬಿ ಇಂದ ಮೇಲಿನ ಸ್ಥಾಯಿಯ ಡಿ ವರೆಗೆ, ಗಂಡುಧ್ವನಿಗೆ ಅದರ ಒಂದು ಸ್ಥಾಯಿ ಕೆಳಗೆ. ಆಲ್ಬಮ್ಮುಗಳಲ್ಲಿ ಗಂಡುಧ್ವನಿಗಳು ತಮ್ಮ ಎತ್ತರದ ಮಿನುಗು ತೋರಿಸಲು ಎಫ್, ಜಿ ಮುಟ್ಟಿರುತ್ತವೆ. ಅದೇ ಶ್ರುತಿಯನ್ನು ಭಾನುವಾರ ಬೆಳಿಗ್ಗೆ ಹಿಡಿದರೆ ಪಲ್ಲವಿ ಬರುವ ಹೊತ್ತಿಗೆ ಸಭೆ ಬಾಯಿ ಮುಚ್ಚಿ ನಿಂತಿರುತ್ತದೆ. ಮೂರು ನಾಲ್ಕು ಸ್ವರ ಇಳಿಸಿ. ನಿಮ್ಮ ಧ್ವನಿ ಮಿಂಚುವುದಿಲ್ಲ, ಆದರೆ ಹಿಂದಿನ ಬೆಂಚಿನ ಅಜ್ಜಿಯೂ ಹಾಡುತ್ತಾರೆ.

ಒಂದು ಭಾನುವಾರ ಒಂದೇ ಹೊಸ ಹಾಡು ಸಾಕು, ಅದನ್ನೇ ಮುಂದಿನ ವಾರಗಳಲ್ಲೂ ಹಾಡಿಸಿ. ವಾದ್ಯದ ಸದ್ದಿನ ನಡುವೆ ಜನರ ಧ್ವನಿ ನಿಮಗೆ ಕೇಳಿಸದಿದ್ದರೆ ವಾದ್ಯವನ್ನು ತಗ್ಗಿಸಿ. ಆಗಸ್ಟೀನರು 4ನೇ ಶತಮಾನ ಮುಗಿಯುವ ಹೊತ್ತಿಗೆ ಬರೆದ ತಮ್ಮ ಆತ್ಮಕಥನದ ಹತ್ತನೇ ಭಾಗದಲ್ಲಿ, ಹಾಡಿನ ವಿಷಯಕ್ಕಿಂತ ಹಾಡಿಕೆಯೇ ತನ್ನ ಮನಸ್ಸನ್ನು ಹೆಚ್ಚು ಸೆಳೆದಾಗ ತಾನು ಪಾಪ ಮಾಡಿದಂತೆಯೇ ಎಂದು ಒಪ್ಪಿಕೊಳ್ಳುತ್ತಾರೆ. ಹಾಗಿದ್ದೂ ಸಭೆಯಲ್ಲಿ ಹಾಡು ಇರಲಿ ಎಂದೇ ಅವರ ಒಲವು. ಆ ಎಚ್ಚರಿಕೆ, ಆ ಒಲವು ಎರಡೂ ಆರಾಧನೆ ನಡೆಸುವವರಿಗೆ ಬೇಕು.

ಹಾಡು ಬರೆಯುವಾಗ ಏನನ್ನು ಗಮನಿಸಬೇಕು?

ದುಃಖಕ್ಕೆ ಜಾಗ ಕೊಡಿ. ಕೀರ್ತನೆಗಳ ಪುಸ್ತಕದಲ್ಲಿ ಮೂರನೇ ಒಂದು ಭಾಗದಷ್ಟಾದರೂ ಅಳಲು, ದೂರು, ಮೊರೆ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಬೆಳಕು ಬರುವುದಿಲ್ಲ. ಆದರೂ ಅದನ್ನು ಆರಾಧನೆಯ ಹಾಡಾಗಿಯೇ ಉಳಿಸಿಕೊಂಡಿದ್ದಾರೆ. ನಮ್ಮ ಹೊಸ ಹಾಡುಗಳಲ್ಲಿ ಜಯ, ಜಯ ಎಂಬುದೇ ಹೆಚ್ಚು. ಮಗು ಕಳೆದುಕೊಂಡ ತಾಯಿ ಆ ಭಾನುವಾರ ಸಭೆಯಲ್ಲಿ ಏನು ಹಾಡಬೇಕು? ಅವಳಿಗೊಂದು ಹಾಡು ಬರೆಯಿರಿ.

ಉಳಿದದ್ದು ಕಸುಬಿನ ಮಾತು. ಎಲ್ಲರೂ ಬಳಸುವ ಹತ್ತು ಶಬ್ದಗಳನ್ನು ತಿರುಗಿಸಿ ಮುರುಗಿಸಿ ಜೋಡಿಸಬೇಡಿ. ಮಾತಿನ ಒತ್ತು ಬೀಳುವ ಕಡೆಯೇ ತಾಳದ ಪೆಟ್ಟು ಬೀಳಲಿ. ರಾಗಕ್ಕೆ ಹೊಂದಲಿ ಎಂದು ಹ್ರಸ್ವವನ್ನು ಎಳೆದರೆ ಅರ್ಥವೇ ಕೆಡುತ್ತದೆ. ಬರೆದ ಸಾಹಿತ್ಯವನ್ನು ರಾಗವಿಲ್ಲದೆ ಓದಿ ನೋಡಿ, ಆಗಲೂ ನಿಲ್ಲುತ್ತದೆಯೆ? ಸತ್ಯವೇದ ಚೆನ್ನಾಗಿ ಓದಿಕೊಂಡವರೊಬ್ಬರಿಗೆ ತೋರಿಸಿ. ಪ್ರಸಂಗ ಮರೆತುಹೋಗುತ್ತದೆ, ಹಾಡು ಬಾಯಲ್ಲಿ ಉಳಿಯುತ್ತದೆ. ತಪ್ಪು ಬೋಧನೆಯೂ ಹಾಗೆಯೇ ಉಳಿದುಬಿಡುತ್ತದೆ.

ಬೇರೆಯವರ ಕ್ರೈಸ್ತ ಗೀತೆಯನ್ನು ಹಾಡಿ, ರೆಕಾರ್ಡ್ ಮಾಡಿ ಹಾಕಬಹುದೆ? ಎಲ್ಲವೂ ದೇವರದ್ದಲ್ಲವೆ?

ಹಾಡು ದೇವರದ್ದೇ. ಆದರೆ ಬರೆದವರ ಮನೆಯ ಬಾಡಿಗೆ ಅವರದ್ದು. ಅಮೆರಿಕದ ಫ್ಯಾನಿ ಕ್ರಾಸ್ಬಿ ಕಣ್ಣು ಕಾಣದಿದ್ದರೂ 8,000ಕ್ಕೂ ಹೆಚ್ಚು ಗೀತೆ ಬರೆದರು. ಸಂಗೀತ ಪ್ರಕಾಶಕರು ಅವುಗಳಿಂದ ಚೆನ್ನಾಗಿ ಗಳಿಸಿದರು, ಆಕೆಯ ಕೈಗೆ ಬರುತ್ತಿದ್ದದ್ದು ಹಾಡಿಗೆ ಒಂದೆರಡು ಡಾಲರ್.

ಪ್ರತಿ ಧ್ವನಿಮುದ್ರಣದಲ್ಲೂ ಎರಡು ಹಕ್ಕುಗಳಿವೆ. ಒಂದು ರಚನೆಯದು, ಅಂದರೆ ಸಾಹಿತ್ಯ ಮತ್ತು ಧಾಟಿ; ಇನ್ನೊಂದು ಆ ಧ್ವನಿಮುದ್ರಣದ್ದು. ಬೇರೆಯವರ ಹಾಡನ್ನು ನೀವು ಹೊಸದಾಗಿ ಹಾಡಿದರೆ ಎರಡನೆಯದು ನಿಮ್ಮದಾಗಬಹುದು, ಮೊದಲನೆಯದು ನಿಮ್ಮದಾಗುವುದಿಲ್ಲ. ಅನುಮತಿ ಬೇಕು. ಅನುವಾದಕ್ಕೂ ಬೇಕು: ಇಂಗ್ಲಿಷಿನ ಹೊಸ ಆರಾಧನಾ ಗೀತೆಯನ್ನು ಭಾಷಾಂತರಿಸಿ ಪ್ರಕಟಿಸುವ ಮುಂಚೆ ಹಕ್ಕುದಾರರನ್ನು ಕೇಳಲೇಬೇಕು.

ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ ಪ್ರಕಾರ ಕರ್ತೃ ತೀರಿಕೊಂಡು ಕನಿಷ್ಠ 50 ವರ್ಷ ಹಕ್ಕು ಉಳಿಯುತ್ತದೆ. ಹಲವು ದೇಶಗಳಲ್ಲಿ ಅದು 70. ಇಂಗ್ಲಿಷ್ ಗೀತೆ ಬರೆದ ಐಸಾಕ್ ವಾಟ್ಸ್ 1748ರಲ್ಲೂ ಚಾರ್ಲ್ಸ್ ವೆಸ್ಲಿ 1788ರಲ್ಲೂ ತೀರಿಕೊಂಡವರು. ಅವರ ಮೂಲ ಸಾಹಿತ್ಯವನ್ನು ಯಾರು ಬೇಕಾದರೂ ಬಳಸಬಹುದು. ಆದರೆ ಕಳೆದ ವರ್ಷ ಯಾರೋ ಸೇರಿಸಿದ ಹೊಸ ಪಲ್ಲವಿ, ಹೊಸ ವಾದ್ಯ ಸಂಯೋಜನೆ, ಹೊಸ ಅನುವಾದ ಅವರದ್ದೇ. ಆರಾಧನೆಯ ಹೊತ್ತಿನಲ್ಲಿ ಹಾಡುವುದಕ್ಕೆ ಹಲವು ದೇಶಗಳ ಕಾನೂನಿನಲ್ಲಿ ವಿನಾಯಿತಿ ಇರುತ್ತದೆ, ಸಾಹಿತ್ಯವನ್ನು ಪರದೆಗೆ ಹಾಕುವುದು, ಆನ್‌ಲೈನ್ ಪ್ರಸಾರ ಮಾಡುವುದು ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ. ಅದಕ್ಕಾಗಿಯೇ ಸಭೆಗಳಿಗೆ ಒಟ್ಟು ಪರವಾನಗಿ ಕೊಡುವ ಸಿಸಿಎಲ್‌ಐ ಸಂಸ್ಥೆ 1988ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಸಭೆಗಳು ಯಾವ ಹಾಡು ಬಳಸಿದೆವೆಂದು ವರದಿ ಕೊಡುತ್ತವೆ, ಬರೆದವರಿಗೆ ಪಾಲು ಹೋಗುತ್ತದೆ.

ಗೆಳೆಯರು ಸೇರಿ ಹಾಡು ಕಟ್ಟಿದರೆ ಅವತ್ತೇ ಯಾರದ್ದು ಎಷ್ಟು ಪಾಲು ಎಂದು ಬರೆದು ಎಲ್ಲರೂ ಸಹಿ ಹಾಕಿ. ‘ನಾವೆಲ್ಲ ಸಹೋದರರು’ ಎಂದು ಬರೆಯದೇ ಬಿಟ್ಟ ಹಾಡು ಹಿಟ್ ಆದ ಮೇಲೆ ಸಹೋದರರು ಮಾತು ಬಿಟ್ಟ ಉದಾಹರಣೆಗಳು ಬೇಕಾದಷ್ಟಿವೆ.

ಕ್ರೈಸ್ತ ಸಂಸ್ಥೆಯೇ ಒಪ್ಪಂದಕ್ಕೆ ಕರೆದಿದೆ. ಕಣ್ಣುಮುಚ್ಚಿ ಸಹಿ ಹಾಕಬಹುದಲ್ಲವೆ?

ಬೇಡ. ಯಾರದೇ ಆಗಲಿ, ಓದಿ, ವಕೀಲರಿಗೆ ತೋರಿಸಿ. ಮುಂಗಡ ಎಂದರೆ ಬಹುಮಾನವಲ್ಲ; ನಿಮ್ಮ ಮುಂದಿನ ಗಳಿಕೆಯಿಂದ ಮುರಿದುಕೊಳ್ಳುವ ಹಣ. ಹಕ್ಕು ಎಷ್ಟು ವರ್ಷಕ್ಕೆ, ಯಾವ ದೇಶಗಳಿಗೆ, ಹಿಂದಕ್ಕೆ ಬರುತ್ತದೆಯೋ ಇಲ್ಲವೋ, ಕಛೇರಿಯ ಹಣದಲ್ಲೂ ಅವರಿಗೆ ಪಾಲಿದೆಯೆ, ಲೆಕ್ಕಪತ್ರ ತಪಾಸಣೆ ಮಾಡುವ ಅಧಿಕಾರ ನಿಮಗಿದೆಯೆ: ಇಷ್ಟಕ್ಕೆ ಉತ್ತರ ಸಿಗುವವರೆಗೆ ಪೆನ್ನು ತೆಗೆಯಬೇಡಿ. ‘ನಂಬಿಕೆ ಇಲ್ಲವೆ?’ ಎಂದು ಕೇಳಿದರೆ, ಬರೆದಿಡುವುದು ನಂಬಿಕೆಯನ್ನು ಕಾಪಾಡುವುದಕ್ಕೇ ಎಂದು ಹೇಳಿ.

ನನ್ನನ್ನು ನಾನೇ ಪ್ರಚಾರ ಮಾಡಿಕೊಳ್ಳುವುದು ದೀನತೆಗೆ ವಿರುದ್ಧವಲ್ಲವೆ?

ಕಾರ್ಯಕ್ರಮ ಎಲ್ಲಿ, ಯಾವಾಗ, ಹೊಸ ಹಾಡು ಯಾವುದು ಎಂದು ತಿಳಿಸುವುದು ಪ್ರಚಾರವೇ, ಅದರಲ್ಲಿ ತಪ್ಪಿಲ್ಲ. ಹಣ ಕೊಟ್ಟು ಹಿಂಬಾಲಕರನ್ನು ಕೊಳ್ಳುವುದು, ಇನ್ನೂರು ಜನ ಬಂದದ್ದನ್ನು ಸಾವಿರ ಎನ್ನುವುದು, ಅಳುವವರ ಮುಖಕ್ಕೆ ಕ್ಯಾಮೆರಾ ಹಿಡಿದು ಅದನ್ನೇ ಜಾಹೀರಾತು ಮಾಡುವುದು ಸುಳ್ಳಿನ ಕಡೆಯ ಹೆಜ್ಜೆಗಳು.

ಪ್ರವಾಸ, ಹೊಗಳಿಕೆ, ಒಂಟಿತನ, ಪ್ರಲೋಭನೆ: ಇವನ್ನು ಹೇಗೆ ನಿಭಾಯಿಸುವುದು?

ಮನೋಬಲವೊಂದನ್ನೇ ನೆಚ್ಚಬೇಡಿ, ವ್ಯವಸ್ಥೆ ಮಾಡಿಕೊಳ್ಳಿ. 1948ರಲ್ಲಿ ಅಮೆರಿಕದ ಸುವಾರ್ತಿಕ ಬಿಲ್ಲಿ ಗ್ರಹಾಂ ಮತ್ತು ಅವರ ತಂಡದವರು ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಊರಿನಲ್ಲಿ ಕೂತು ಸುವಾರ್ತಿಕರು ಎಲ್ಲೆಲ್ಲಿ ಎಡವುತ್ತಾರೆಂದು ಪಟ್ಟಿ ಮಾಡಿದರು. ತಂಡದ ಹಾಡುಗಾರ ಜಾರ್ಜ್ ಬೆವರ್ಲಿ ಶೇ, ಸಂಗೀತ ನಡೆಸುತ್ತಿದ್ದ ಕ್ಲಿಫ್ ಬ್ಯಾರೋಸ್ ಕೂಡ ಅಲ್ಲಿದ್ದರು. ಹಣದ ವಿಷಯದಲ್ಲಿ ಪಾರದರ್ಶಕತೆ, ಪರಸ್ತ್ರೀಯರೊಂದಿಗೆ ಒಂಟಿಯಾಗಿರದಂತೆ ಎಚ್ಚರ, ಸ್ಥಳೀಯ ಸಭೆಗಳನ್ನು ಟೀಕಿಸದೆ ಜೊತೆಗೂಡುವುದು, ಬಂದ ಜನರ ಸಂಖ್ಯೆಯನ್ನು ಉಬ್ಬಿಸಿ ಹೇಳದಿರುವುದು, ಈ ನಾಲ್ಕಕ್ಕೆ ಅವರು ಬದ್ಧರಾದರು. ಎರಡನೆಯದನ್ನು ಇಂದು ಹೇಗೆ ಪಾಲಿಸಬೇಕೆಂಬ ಬಗ್ಗೆ ವಾದವಿದೆ. ತಂಡದಲ್ಲಿರುವ ಹೆಣ್ಣುಮಕ್ಕಳ ಅವಕಾಶ ಕಿತ್ತುಕೊಳ್ಳದ ಹಾಗೆ, ಎಲ್ಲರಿಗೂ ಒಂದೇ ನಿಯಮ ಇರುವ ಹಾಗೆ ಮಾಡುವುದು ಸರಿ ಎಂದು ನನ್ನ ಅನಿಸಿಕೆ.

ನಿಮ್ಮ ಹಾಡಿಗೆ ಅಭಿಮಾನಿಗಳಲ್ಲದ ಇಬ್ಬರು ಗೆಳೆಯರು ನಿಮಗಿರಲಿ. ಬ್ಯಾಂಕ್ ಲೆಕ್ಕ, ಫೋನು, ಮನೆಯ ಸ್ಥಿತಿ ಇವುಗಳ ಬಗ್ಗೆ ಮುಖ ನೋಡಿ ಕೇಳುವ ಅಧಿಕಾರವನ್ನು ಅವರಿಗೆ ನೀವೇ ಕೊಡಿ. ಮನಸ್ಸು ಕುಗ್ಗಿ ವಾರಗಟ್ಟಲೆ ನಿದ್ದೆ, ಊಟ ಸರಿಯಿಲ್ಲವೆಂದಾದರೆ ಪ್ರಾರ್ಥನೆಯ ಜೊತೆಗೆ ವೈದ್ಯರನ್ನೂ ಕಾಣಿ.

ವಾರಾಂತ್ಯವೆಲ್ಲ ಕಾರ್ಯಕ್ರಮ. ಭಾನುವಾರದ ಆರಾಧನೆ ತಪ್ಪುತ್ತಿದೆ. ಏನು ಮಾಡಲಿ?

ತಪ್ಪಿದ ಒಂದು ಭಾನುವಾರಕ್ಕೆ ಅಪರಾಧಪ್ರಜ್ಞೆ ಬೇಡ. ತಪ್ಪುವುದೇ ವಾಡಿಕೆಯಾದರೆ ಚಿಂತಿಸಿ. ವಾರದ ನಡುವಿನ ಗೃಹಕೂಟವೊಂದನ್ನು ಬಿಡದೆ ಹಿಡಿದುಕೊಳ್ಳಿ. ತಿಂಗಳಿಗೆ ಇಂತಿಷ್ಟು ಭಾನುವಾರ ಕಾರ್ಯಕ್ರಮ ಒಪ್ಪುವುದಿಲ್ಲವೆಂದು ವರ್ಷಾರಂಭದಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಬಿಡಿ. ಒಲಿವಿಯೆ ಮೆಸಿಯಾನ್ 20ನೇ ಶತಮಾನದ ದೊಡ್ಡ ಸಂಯೋಜಕರಲ್ಲಿ ಒಬ್ಬರು. ಲೋಕವೆಲ್ಲ ಕರೆಯುತ್ತಿದ್ದಾಗಲೂ 1931ರಿಂದ 1992ರಲ್ಲಿ ತೀರಿಕೊಳ್ಳುವವರೆಗೆ ಪ್ಯಾರಿಸ್‌ನ ತ್ರಿಯೇಕ ದೇವಾಲಯದ ಆರ್ಗನ್‌ವಾದಕರ ಜಾಗವನ್ನು ಬಿಟ್ಟುಕೊಡಲಿಲ್ಲ.

ಆರಾಧನೆ ನಡೆಸುವುದೇ ಉದ್ಯೋಗವಾದವರಿಗೆ ಭಾನುವಾರ ದುಡಿಮೆಯ ದಿನ. ಅವರು ಬೇರೆ ಒಂದು ದಿನ ವಾದ್ಯ ಮುಟ್ಟದೆ ವಿಶ್ರಮಿಸಬೇಕು, ಆಗಾಗ ಬೇರೆಯವರು ನಡೆಸುವ ಆರಾಧನೆಯಲ್ಲಿ ಸುಮ್ಮನೆ ಕೂರಬೇಕು.

ಕಿವಿ, ಗಂಟಲುಗಳ ಬಗ್ಗೆ?

85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮಿತಿ; ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಉಳಿಯುವುದು 15 ನಿಮಿಷ. ಡ್ರಮ್ಸ್ ಪಕ್ಕದಲ್ಲಿ ಅದು ಸುಲಭವಾಗಿ ದಾಟುತ್ತದೆ. ಹೋದ ಶ್ರವಣ ವಾಪಸು ಬರುವುದಿಲ್ಲ, ಸಂಗೀತಗಾರರ ಇಯರ್‌ಪ್ಲಗ್ ಹಾಕಿಕೊಳ್ಳಿ. ಗಂಟಲು ಒಡಕಲಾಗಿ ಎರಡು ವಾರ ದಾಟಿದರೆ ಕಿವಿ-ಮೂಗು-ಗಂಟಲು ತಜ್ಞರ ಹತ್ತಿರ ಹೋಗಿ.

ಹೆತ್ತವರು ಒಪ್ಪುತ್ತಿಲ್ಲ. ಪಾಸ್ಟರಿಗೂ ಇಷ್ಟವಿಲ್ಲ.

ಅವರ ಭಯವನ್ನು ಕೇಳಿ ಬರೆದುಕೊಳ್ಳಿ. ಬಹಳ ಸಲ ಅದು ನಂಬಿಕೆಯ ಪ್ರಶ್ನೆಯಲ್ಲ, ಹೊಟ್ಟೆಪಾಡಿನದು. ಅದಕ್ಕೆ ವಚನ ಹೇಳಬೇಡಿ, ಲೆಕ್ಕ ತೋರಿಸಿ: ತಿಂಗಳಿಗೆ ಎಷ್ಟು ಬೇಕು, ಎಲ್ಲಿಂದ ಬರುತ್ತದೆ, ಎಷ್ಟು ವರ್ಷ ನೋಡಿ ಆಮೇಲೆ ಮರುಯೋಚಿಸುತ್ತೀರಿ. ಪಾಸ್ಟರ್ ಬೇಡವೆಂದದ್ದು ನಿಮ್ಮ ನಡತೆಯಲ್ಲಿ ಕಂಡ ಯಾವುದೋ ಕೊರತೆಗಾಗಿದ್ದರೆ ಅದು ಔಷಧಿ, ಕುಡಿಯಿರಿ. ಶೈಲಿ ಹಿಡಿಸಲಿಲ್ಲ ಎಂಬುದಕ್ಕಷ್ಟೇ ಆಗಿದ್ದರೆ ತಾಳ್ಮೆಯಿರಲಿ. ಬ್ಲೂಸ್ ಪಿಯಾನೊ ಬಾರಿಸುತ್ತಿದ್ದ ಥಾಮಸ್ ಡಾರ್ಸಿಯ ಹಾಡುಗಳನ್ನು ಆರಂಭದಲ್ಲಿ ಹಲವು ಸಭೆಗಳು ಒಳಗೆ ಬಿಟ್ಟುಕೊಳ್ಳಲಿಲ್ಲ. ಮುಂದೆ ಅವರನ್ನೇ ಗಾಸ್ಪೆಲ್ (ಸುವಾರ್ತಾ) ಸಂಗೀತದ ತಂದೆ ಎಂದರು.

ನಂಬಿಕೆಯೇ ಒಣಗಿಹೋಗಿರುವಾಗ ಹಾಡಿದರೆ ಕಪಟವಾಗುವುದಿಲ್ಲವೆ?

ಆಮೋಸ 5ರಲ್ಲಿ ದೇವರು ‘ನಿಮ್ಮ ಹಾಡುಗಳ ಗದ್ದಲ ತೊಲಗಲಿ’ ಎನ್ನುವುದು ಒಣಗಿದವರಿಗಲ್ಲ. ಬಡವರನ್ನು ತುಳಿಯುತ್ತಾ ಚೆನ್ನಾಗಿ ಹಾಡುತ್ತಿದ್ದವರಿಗೆ. ಒಣಗಿದವರ ಪಕ್ಕದಲ್ಲಿ ಹಬಕ್ಕೂಕನು ನಿಂತಿದ್ದಾನೆ. ಅಂಜೂರ ಚಿಗುರದಿದ್ದರೂ, ಹಟ್ಟಿಯಲ್ಲಿ ದನವಿಲ್ಲದಿದ್ದರೂ ಎಂದು ಹಾಡಿ, ಕೊನೆಗೆ ಇದು ತಂತಿವಾದ್ಯದೊಂದಿಗೆ ಎಂದು ಗಾಯಕರ ಮುಖ್ಯಸ್ಥನಿಗೆ ಸೂಚನೆಯನ್ನೂ ಬರೆದಿಟ್ಟಿದ್ದಾನೆ.

1932ರಲ್ಲಿ ಡಾರ್ಸಿ ಬೇರೆ ಊರಿನಲ್ಲಿ ಹಾಡಲು ಹೋಗಿದ್ದಾಗ ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡರು, ಹಿಂದೆಯೇ ಮಗುವೂ ಹೋಯಿತು. ದೇವರಿಗಾಗಿ ಇನ್ನು ಬರೆಯುವುದೇ ಬೇಡವೆನಿಸಿದ ಆ ದಿನಗಳಲ್ಲಿ, ಗೆಳೆಯನ ಜೊತೆ ಪಿಯಾನೊ ಇದ್ದ ಕಡೆ ಹೋಗಿ ಕೂತಾಗ ಹುಟ್ಟಿದ ಹಾಡು ‘ನನ್ನ ಕೈ ಹಿಡಿ’ ಎನ್ನುವ ಮೊರೆ. ಸಂತೋಷವಿದ್ದಂತೆ ನಟಿಸಿದರೆ ಕಪಟ. ಇರುವ ಸ್ಥಿತಿಯಲ್ಲೇ ಹಾಡಿದರೆ ಅಲ್ಲ. ನಿಮ್ಮ ತಂಡದ ನಾಯಕರಿಗೆ ಹೇಳಿ, ಕೆಲವು ವಾರ ಹಿಂದಿನ ಸಾಲಿನಲ್ಲಿ ಬಾರಿಸುತ್ತೇನೆಂದು ಕೇಳಿಕೊಳ್ಳಿ. ಒಳ್ಳೆಯ ನಾಯಕರು ಒಪ್ಪುತ್ತಾರೆ.

ವರ್ಷಗಳು ಕಳೆದರೂ ಹೆಸರು ಬರಲಿಲ್ಲ. ಬಿಟ್ಟುಬಿಟ್ಟರೆ ಕರೆಗೆ ಬೆನ್ನು ತೋರಿಸಿದಂತೆಯೆ?

ಹೆಸರು ಬರಲಿಲ್ಲ ಎಂಬುದು ಬಿಡಲು ಕಾರಣವಲ್ಲ. ಮನೆ ನಡೆಯುತ್ತಿಲ್ಲ, ಸಂಗಾತಿ ಸೋತಿದ್ದಾರೆ, ಆರೋಗ್ಯ ಕೈಕೊಟ್ಟಿದೆ ಎಂಬುದು ಕಾರಣ. ಅಂಥ ಹೊತ್ತಿನಲ್ಲಿ ವೃತ್ತಿಯನ್ನು ಬಿಡಬಹುದು, ಸಂಗೀತವನ್ನು ಬಿಡಬೇಕಾಗಿಲ್ಲ. ಅರಣ್ಯಕಾಂಡ 8ರಲ್ಲಿ ಲೇವಿಯರಿಗೆ 50 ವರ್ಷವಾದಾಗ ಭಾರದ ಸೇವೆಯಿಂದ ಬಿಡುಗಡೆ ಕೊಟ್ಟು, ಸಹೋದರರಿಗೆ ನೆರವಾಗಿರಲು ಹೇಳಿದೆ. ವೇದಿಕೆ ಬಿಟ್ಟ ಎಷ್ಟೋ ಮಂದಿ ಮಕ್ಕಳಿಗೆ ಸ್ವರ ಕಲಿಸುತ್ತಾರೆ, ಬೇರೆಯವರ ಹಾಡಿಗೆ ವಾದ್ಯ ಹೊಂದಿಸುತ್ತಾರೆ, ಸೌಂಡ್ ಬೋರ್ಡಿನ ಹಿಂದೆ ನಿಲ್ಲುತ್ತಾರೆ, ಹೊಸಬರ ಒಪ್ಪಂದ ಓದಿ ಎಚ್ಚರಿಸುತ್ತಾರೆ. ಇಪ್ಪತ್ತರ ಹುಡುಗ ಹುಡುಗಿಯರಿಗೆ ಇಂಥವರೊಬ್ಬರು ಪಕ್ಕದಲ್ಲಿ ಬೇಕು. ನಿಮ್ಮ ಸಭೆಯಲ್ಲಿ ಆ ಜಾಗ ಖಾಲಿಯಿದ್ದರೆ ಈ ವಾರವೇ ಹೋಗಿ ಮಾತಾಡಿ.